ಮನೆಯ ಸ್ಮಾರ್ಟ್ ಕಂಟ್ರೋಲರ್ ನಿಂತುಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳಿದವರು ನಮ್ಮ ನೆಂಟರು, ನೆರೆಯವರು ಮತ್ತು ಅವರ ಪರಿಚಯದವರು. ಹೆಚ್ಚಿನವು ಬಂದದ್ದು ರಾತ್ರಿ ಒಂಬತ್ತರ ಮೇಲೆ. ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಮೇಲೆ ಹೋಮ್ ಅಸಿಸ್ಟೆಂಟ್ (ಮನೆಯ ದೀಪ, ಮೋಟರ್, ಸೆನ್ಸರುಗಳನ್ನು ನಡೆಸುವ ತಂತ್ರಾಂಶ) ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆದಿದ್ದೇನೆ. ಬೇರೆ ಕಂಟ್ರೋಲರ್ ಇರುವವರಿಗೂ ಅರ್ಧಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ನಮ್ಮ ಅಮ್ಮ ಕಂಟ್ರೋಲರನ್ನು ‘ಡಬ್ಬಿ’ ಎನ್ನುತ್ತಾರೆ; ಚಿಕ್ಕ ಹೆಸರು, ಇಲ್ಲಿಯೂ ಅದನ್ನೇ ಇಟ್ಟುಕೊಂಡಿದ್ದೇನೆ. ‘ಸತ್ತುಹೋಗಿದೆ, ನೋಡಿ’ ಎಂದು ಈವರೆಗೆ ನನ್ನ ಮೇಜಿಗೆ ಬಂದ ಡಬ್ಬಿಗಳಲ್ಲಿ ನಿಜವಾಗಿ ಸತ್ತಿದ್ದವು ಎರಡೇ. ಒಂದಕ್ಕೆ ಸಿಡಿಲು ಬಡಿದಿತ್ತು, ಇನ್ನೊಂದರೊಳಗೆ ಹಲ್ಲಿ ಸೇರಿಕೊಂಡಿತ್ತು. ಉಳಿದವುಗಳ ದೋಷ ಅಡಾಪ್ಟರಿನಲ್ಲೋ ಕಾರ್ಡಿನಲ್ಲೋ ರೂಟರಿನಲ್ಲೋ ಇತ್ತು.

ಡಬ್ಬಿ ನಿಂತಿದೆ. ಮೊದಲು ಏನು ಮಾಡಲಿ?

ಡಬ್ಬಿಯನ್ನು ಬಿಟ್ಟುಬಿಡಿ. ಮೊದಲು ಹೋಗಿ ನೀರಿನ ಮೋಟರ್ ಮತ್ತು ಗೀಸರ್ ನೋಡಿ ಬನ್ನಿ. ಕಂಟ್ರೋಲರ್ ನಿಂತ ಗಳಿಗೆಯಲ್ಲಿ ಯಾವುದು ಓಡುತ್ತಿತ್ತೋ ಅದು ಓಡುತ್ತಲೇ ಇರುತ್ತದೆ, ಏಕೆಂದರೆ ನಿಲ್ಲಿಸು ಎಂದು ಹೇಳಬೇಕಾದವನೇ ಮಲಗಿದ್ದಾನೆ. ಸಂಪ್ ಖಾಲಿಯಾದ ಮೇಲೂ ಮೋಟರ್ ಒಣದಾಗಿ ತಿರುಗಿದರೆ ಅದರ ಸೀಲ್ ಸುಟ್ಟುಹೋಗುತ್ತದೆ; ಆ ಖರ್ಚು ಹೊಸ ಪೈಗಿಂತ ಹೆಚ್ಚಾಗಬಹುದು. ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಮೊಬೈಲಿನ ಆ್ಯಪ್ ತೆರೆಯುತ್ತಿಲ್ಲ. ಹಾಗಾದರೆ ಡಬ್ಬಿ ಕೆಟ್ಟಿದೆ ಎಂದೇ ಅರ್ಥವೇ?

ಇಲ್ಲ. ಆ್ಯಪ್ ತೆರೆಯದಿರುವುದು, ಡಬ್ಬಿ ನೆಟ್‌ವರ್ಕಿನಲ್ಲಿ ಸಿಗದಿರುವುದು, ಡಬ್ಬಿಯೇ ಏಳದಿರುವುದು, ಇವು ಮೂರು ಬೇರೆ ಬೇರೆ ರೋಗಗಳು. ಮೊಬೈಲು ಮನೆಯ ವೈಫೈಯಲ್ಲಿಯೇ ಇದೆಯೇ ನೋಡಿಕೊಳ್ಳಿ. ಬ್ರೌಸರಿನಲ್ಲಿ ಡಬ್ಬಿಯ ಐಪಿ ವಿಳಾಸ ಹಾಕಿ, ಕೊನೆಗೆ ಕೋಲನ್ ಮತ್ತು 8123 ಸೇರಿಸಿ. ಪುಟ ತೆರೆದುಕೊಂಡರೆ ತೊಂದರೆ ಆ್ಯಪಿನದು. ತೆರೆಯದಿದ್ದರೆ ಅದೇ ವಿಳಾಸಕ್ಕೆ 8123ರ ಬದಲು 4357 ಹಾಕಿ. ಅಲ್ಲಿ ಒಂದು ಸಣ್ಣ ಕಾವಲು ಪುಟವಿದೆ. ಹೋಮ್ ಅಸಿಸ್ಟೆಂಟಿನ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವರಲ್ಲಿ ಎಷ್ಟೋ ಮಂದಿಗೆ ಅದು ಇರುವುದೇ ಗೊತ್ತಿಲ್ಲ. ಆ ಪುಟ ಬಂದರೆ ಯಂತ್ರ, ಕಾರ್ಡ್, ನೆಟ್‌ವರ್ಕ್ ಮೂರೂ ಕ್ಷೇಮ. ಮೇಲಿನ ತಂತ್ರಾಂಶ ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ. ಅದೂ ಬಾರದಿದ್ದರೆ ಎದ್ದು ಡಬ್ಬಿಯ ಹತ್ತಿರ ಹೋಗಬೇಕು.

ಪೈ ಮೇಲಿನ ಕೆಂಪು, ಹಸಿರು ದೀಪಗಳು ಏನು ಹೇಳುತ್ತವೆ?

ಪೈ 4ರಲ್ಲಿ ಕೆಂಪು ದೀಪ ವಿದ್ಯುತ್ತಿನದು, ಹಸಿರು ದೀಪ ಕಾರ್ಡಿನ ಓದುಬರಹದ್ದು. ಕೆಂಪು ಸ್ಥಿರವಾಗಿದ್ದು ಹಸಿರು ಲೆಕ್ಕವಿಲ್ಲದೆ ಮಿನುಗುತ್ತಿದ್ದರೆ ಅದು ಎದ್ದೇಳುತ್ತಿದೆ, ಐದಾರು ನಿಮಿಷ ಕೊಡಿ. ಕೆಂಪು ದೀಪ ಆಗಾಗ ಆರಿ ಹತ್ತುತ್ತಿದ್ದರೆ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿಯುತ್ತಿದೆ ಎಂದರ್ಥ. ಅಡಾಪ್ಟರನ್ನೋ ಕೇಬಲನ್ನೋ ಬದಲಾಯಿಸಿ. ಕೆಂಪು ಇದೆ, ಹಸಿರು ಒಮ್ಮೆಯೂ ಮಿನುಗುವುದಿಲ್ಲ ಎಂದಾದರೆ ಸಾಮಾನ್ಯವಾಗಿ ಕಾರ್ಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕೆಟ್ಟಿದೆ. ಹಸಿರು ದೀಪ ನಾಲ್ಕು ಸಲ ಮಿನುಗಿ ನಿಂತು ಮತ್ತೆ ನಾಲ್ಕು ಸಲ ಮಿನುಗಿದರೆ ಆರಂಭದ ಕಡತ ಸಿಗುತ್ತಿಲ್ಲ. ಏಳು ಸಲವಾದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಸಿಗುತ್ತಿಲ್ಲ. ಎರಡೂ ಕಾರ್ಡಿನ ದೂರುಗಳೇ. ಎಂಟು ಸಲವಾದರೆ ಮೆಮೊರಿ ಚಿಪ್ಪಿನ ದೋಷ. ಅದಕ್ಕೆ ಮನೆಮದ್ದಿಲ್ಲ.

ಪೈ 5ರಲ್ಲಿ ಎರಡು ಬಣ್ಣದ ಒಂದೇ ದೀಪವಿದೆ. ಮಲಗಿದ್ದಾಗ ಕೆಂಪು, ಎದ್ದಾಗ ಹಸಿರು.

ಮೊಬೈಲ್ ಚಾರ್ಜರಿನಲ್ಲಿಯೇ ಓಡಿಸುತ್ತಿದ್ದೇನೆ. ಅದು ತಪ್ಪೇ?

ಓಡುವಷ್ಟು ದಿನ ಓಡುತ್ತದೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್, ಪೈ 5ಕ್ಕೆ 5 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಚಾರ್ಜರಿನ ಮೇಲೆ 65 ವಾಟ್ ಎಂದು ದೊಡ್ಡದಾಗಿ ಬರೆದಿದ್ದರೂ 5 ವೋಲ್ಟಿನಲ್ಲಿ ಅದು ಕೊಡುವುದು 3 ಆಂಪಿಯರ್ ಮಾತ್ರ ಇರಬಹುದು. ಸಣ್ಣಕ್ಷರದ ಸಾಲನ್ನು ಓದಿ. ಕೇಬಲ್ ಉದ್ದವಾಗಿ ತೆಳ್ಳಗಿದ್ದರೆ ದಾರಿಯಲ್ಲಿಯೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಇನ್ನೊಂದು ವಿಚಿತ್ರವಿದೆ. 2019ರಲ್ಲಿ ಬಂದ ಮೊದಲ ಕಂತಿನ ಪೈ 4 ಬೋರ್ಡುಗಳಲ್ಲಿ ಟೈಪ್ ಸಿ ಜೋಡಣೆಯ ವಿನ್ಯಾಸ ತಪ್ಪಿತ್ತು. ಒಳಗೆ ಗುರುತಿನ ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಅವು ಏಳುವುದಿಲ್ಲ, ಸಾದಾ ಕೇಬಲಿಗೆ ಏಳುತ್ತವೆ. ಹಳೆಯ ಪೈ 4 ಇದ್ದರೆ ಬೇರೆ ಕೇಬಲ್ ಹಾಕಿ ನೋಡದೆ ಅದನ್ನು ಗುಜರಿಗೆ ಹಾಕಬೇಡಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಡಬ್ಬಿ ಕೈಕೊಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ?

‘ಕರೆಂಟ್ ಬಂದು ಅರ್ಧ ಗಂಟೆಯಾಯಿತು ಕಣಪ್ಪಾ, ನಿನ್ನ ಡಬ್ಬಿ ಇನ್ನೂ ಎದ್ದಿಲ್ಲ’ ಎಂದು ಅಮ್ಮ ಫೋನ್ ಮಾಡಿದ ದಿನ ನಾನೂ ಇದನ್ನೇ ಕೇಳಿಕೊಂಡಿದ್ದೆ. ಮನೆಯ ಇನ್ವರ್ಟರಿನ ಹಿಂಭಾಗದಲ್ಲಿಯೋ ಮುಂದಿನ ಗುಂಡಿಯಲ್ಲಿಯೋ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೋ’ ಎಂಬ ಎರಡು ಬಗೆ ಇರುತ್ತವೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಇರುವುದಿಲ್ಲ. ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ, ಪೈಗೆ ಅಷ್ಟು ಸಾಕು. ನಮ್ಮಲ್ಲಿ ಆ ಗುಂಡಿಯನ್ನು ಯುಪಿಎಸ್ ಕಡೆಗೆ ತಳ್ಳಿದ ಮೇಲೆ ವಾರಕ್ಕೊಮ್ಮೆ ಬರುತ್ತಿದ್ದ ಫೋನ್ ನಿಂತಿತು.

ಅರ್ಧಂಬರ್ಧ ಕರೆಂಟ್ ಹೋಗುವುದು ಏಕೆ ಅಪಾಯ ಎಂದರೆ, ಹೋಮ್ ಅಸಿಸ್ಟೆಂಟ್ ಪ್ರತಿಯೊಂದು ಬಲ್ಬಿನ, ಸೆನ್ಸರಿನ ಸ್ಥಿತಿಯನ್ನು ಐದು ಸೆಕೆಂಡಿಗೊಮ್ಮೆ ದತ್ತಾಂಶ ಕಡತಕ್ಕೆ ಬರೆಯುತ್ತ, ಹತ್ತು ದಿನಗಳ ಚರಿತ್ರೆಯನ್ನು ಇಟ್ಟುಕೊಂಡಿರುತ್ತದೆ. ಬರೆಯುವ ನಡುವೆ ಪೆನ್ನು ಕಿತ್ತುಕೊಂಡರೆ ಸಾಲು ಹರಿದಂತೆಯೇ. ಸಾಮಾನ್ಯವಾಗಿ ಅದು ಹರಿದ ದತ್ತಾಂಶ ಕಡತವನ್ನು ಪಕ್ಕಕ್ಕಿಟ್ಟು ಹೊಸದನ್ನು ತೆರೆದುಕೊಂಡು ಮುಂದುವರಿಯುತ್ತದೆ. ಹಳೆಯ ನಕ್ಷೆಗಳು ಹೋದವೆಂದು ಗಾಬರಿಯಾಗಬೇಡಿ, ನಿಮ್ಮ ಆಟೊಮೇಷನ್‌ಗಳು (ಯಾವಾಗ ಏನು ತಾನಾಗಿ ನಡೆಯಬೇಕೆಂಬ ನಿಯಮಗಳು) ಬೇರೆ ಕಡತದಲ್ಲಿವೆ. ಪೆಟ್ಟು ಬಿದ್ದದ್ದು ಕಡತಕ್ಕಲ್ಲ, ಕಾರ್ಡಿಗೇ ಎಂದಾದರೆ ಮುಂದಿನ ಪ್ರಶ್ನೆ ಓದಿ.

ಮೆಮೊರಿ ಕಾರ್ಡ್ ಸತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಕಾರ್ಡನ್ನು ಹೊರತೆಗೆದು ಲ್ಯಾಪ್‌ಟಾಪಿಗೆ ಹಾಕಿ. ಇಲ್ಲಿ ಒಂದು ಎಚ್ಚರಿಕೆ, ಇದನ್ನು ಓದದೆ ಮುಂದೆ ಹೋಗಬೇಡಿ. ಡಬ್ಬಿ ಓಡುವುದು ಲಿನಕ್ಸ್ ಮೇಲೆ, ವಿಂಡೋಸ್‌ಗೆ ಲಿನಕ್ಸ್ ವಿಭಾಗಗಳನ್ನು ಓದಲು ಬರುವುದಿಲ್ಲ. ಅದು ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಒಂದರ ಹಿಂದೆ ಒಂದು ಕಿಟಕಿ ತೆರೆದು ಕೇಳುತ್ತದೆ. ಎಲ್ಲದಕ್ಕೂ ಬೇಡ ಎನ್ನಿ. ನಮ್ಮ ಭಾವನವರು ಒಂದಕ್ಕೆ ಹೂಂ ಎಂದು ಎರಡು ವರ್ಷದ ಕೆಲಸವನ್ನು ಅಳಿಸಿಕೊಂಡರು. ಕಾರ್ಡ್ ಚೆನ್ನಾಗಿಯೇ ಇತ್ತು, ಕೆಟ್ಟಿದ್ದದ್ದು ಕೇಬಲ್.

ಬೇಕಾದ್ದನ್ನೆಲ್ಲ ನಕಲು ಮಾಡಿಕೊಂಡ ಮೇಲೆ ಕಾರ್ಡಿಗೆ ಹೊಸದಾಗಿ ಬರೆದು ನೋಡಿ. ಸಾಯುವ ಕಾರ್ಡಿನ ಲಕ್ಷಣ ವಿಲಕ್ಷಣವಾಗಿರುತ್ತದೆ. ಫಾರ್ಮ್ಯಾಟ್ ಮುಗಿಯಿತು ಎನ್ನುತ್ತದೆ, ದೂರೇ ಇಲ್ಲ. ತೆಗೆದು ಮತ್ತೆ ಹಾಕಿದರೆ ಅಳಿಸಿದ ಕಡತಗಳೆಲ್ಲ ಇದ್ದಲ್ಲಿಯೇ ಕೂತಿರುತ್ತವೆ. ಕಾರ್ಡ್ ಓದುವುದಕ್ಕೆ ಮಾತ್ರ ಉಳಿದಿದೆ, ಬರೆಯುವ ಶಕ್ತಿ ಮುಗಿದಿದೆ. ಇಂಥ ಕಾರ್ಡ್ ಹಾಕಿದ ಡಬ್ಬಿ ಎದ್ದೇಳುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ಮರುದಿನ ನಿನ್ನೆಯದು ಅದಕ್ಕೆ ನೆನಪಿರುವುದಿಲ್ಲ.

ಹೊಸ ಕಾರ್ಡ್ ಕೊಳ್ಳುವುದಾದರೆ ನಂಬಿಕೆಯ ಅಂಗಡಿಯಲ್ಲಿ, ಎ2 (ಸಣ್ಣ ಸಣ್ಣ ಓದುಬರಹದ ವೇಗದ ದರ್ಜೆ) ಗುರುತಿನದನ್ನು ಕೊಳ್ಳಿ. ನನ್ನನ್ನು ಕೇಳಿದರೆ ಕಾರ್ಡಿನ ಸಹವಾಸವೇ ಬೇಡ, ಸಣ್ಣ ಎಸ್‌ಎಸ್‌ಡಿ ಹಾಕಿ. ಪೈ 4 ಯುಎಸ್‌ಬಿಯಿಂದಲೇ ಏಳಬಲ್ಲದು.

ಬ್ಯಾಕಪ್ ಇಟ್ಟುಕೊಂಡಿಲ್ಲ. ಎಲ್ಲ ಹೋಯಿತೇ?

ಕಾರ್ಡ್ ಓದುವಷ್ಟಾದರೂ ಜೀವಂತವಿದ್ದರೆ ಹೋಗಿಲ್ಲ. ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿ. ಲಿನಕ್ಸ್ ಇಲ್ಲವಾದರೆ ಪೆನ್ ಡ್ರೈವಿನಿಂದ ಓಡುವ ಉಬುಂಟು ಸಾಕು, ಹಾರ್ಡ್ ಡಿಸ್ಕಿಗೆ ಏನನ್ನೂ ಹಾಕಬೇಕಿಲ್ಲ. ಕಾರ್ಡಿನಲ್ಲಿ ‘ಹ್ಯಾಸ್‌ಓಎಸ್-ಡೇಟಾ’ ಎಂಬ ವಿಭಾಗ ಕಾಣುತ್ತದೆ. ಅದರೊಳಗೆ ‘ಸೂಪರ್‌ವೈಸರ್’ ಎಂಬ ಫೋಲ್ಡರ್, ಅದರೊಳಗೆ ‘ಬ್ಯಾಕಪ್’ ಮತ್ತು ‘ಹೋಮ್‌ಅಸಿಸ್ಟೆಂಟ್’. ಈ ಎರಡನ್ನೂ ನಕಲು ಮಾಡಿಕೊಳ್ಳಿ. ನೀವು ಮಾಡದಿದ್ದರೂ ಅಪ್‌ಡೇಟ್ ಹೊತ್ತಿನಲ್ಲಿ ಅದು ತಾನೇ ಮಾಡಿಟ್ಟ ಹಳೆಯ ಬ್ಯಾಕಪ್ ಅಲ್ಲಿ ಸಿಗುವುದುಂಟು.

2025ರ ಜನವರಿಯ ಆವೃತ್ತಿಯಿಂದ ತಾನಾಗಿಯೇ ಆಗುವ ಬ್ಯಾಕಪ್‌ಗಳಿಗೆ ಬೀಗ ಬಿದ್ದಿರುತ್ತದೆ. ಮೊದಲ ಸಲ ಹೊಂದಿಸುವಾಗ ಅದು ಒಂದು ಕೀಲಿ ಪದವನ್ನು ಕೊಟ್ಟು ‘ಇಳಿಸಿಕೊಳ್ಳಿ’ ಎನ್ನುತ್ತದೆ, ನಾವು ಆಮೇಲೆ ನೋಡೋಣವೆಂದು ಮುಂದೆ ಹೋಗುತ್ತೇವೆ. ಡಬ್ಬಿ ಇನ್ನೂ ಓಡುತ್ತಿರುವವರು ಈಗಲೇ ಹೋಗಿ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಡಬ್ಬಿಯೊಳಗೇ ಇಟ್ಟರೆ ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟಂತಾಗುತ್ತದೆ.

ದೀಪಗಳೆಲ್ಲ ಸರಿಯಾಗಿವೆ, ಆದರೂ ವಿಳಾಸ ಸಿಗುತ್ತಿಲ್ಲ. ಫೈಬರಿನವರು ರೂಟರ್ ಬದಲಾಯಿಸಿ ಹೋದ ಮೇಲೆ ಹೀಗಾಗಿದೆ.

ಹಾಗಾದರೆ ಕಾರಣವನ್ನು ನೀವೇ ಹೇಳಿದಿರಿ. ಹಳೆಯ ರೂಟರ್ 192.168.1 ಎಂಬ ಸಾಲಿನಲ್ಲಿ ವಿಳಾಸ ಹಂಚುತ್ತಿತ್ತು, ಹೊಸದು 192.168.0 ಸಾಲಿನಲ್ಲಿ ಹಂಚುತ್ತಿರಬಹುದು. ಡಬ್ಬಿಗೆ ನೀವು ಹಿಂದೆ ಕಾಯಂ ವಿಳಾಸ ಕೊಟ್ಟಿದ್ದರೆ ಅದು ಹಳೆಯ ಬೀದಿಯಲ್ಲಿಯೇ ನಿಂತು ಕಾಯುತ್ತಿದೆ. ಹೊಸ ರೂಟರಿನ ಸೆಟ್ಟಿಂಗಿಗೆ ಹೋಗಿ ಅದರ ಸಾಲನ್ನು ಹಳೆಯದಕ್ಕೆ ಬದಲಿಸುವುದೇ ಸುಲಭದ ದಾರಿ. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದೆ ಹಳೆಯದನ್ನೇ ಇಡಿ. ಇಪ್ಪತ್ತು ಪ್ಲಗ್, ಬಲ್ಬುಗಳನ್ನು ಸ್ಟೂಲ್ ಹತ್ತಿ ಒಂದೊಂದಾಗಿ ಮತ್ತೆ ಜೋಡಿಸುವ ಕೆಲಸ ತಪ್ಪುತ್ತದೆ. ಬಹುತೇಕ ವೈಫೈ ಪ್ಲಗ್ಗುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿಯುತ್ತದೆ, 5 ತಿಳಿಯುವುದಿಲ್ಲ. ಹೊಸ ರೂಟರಿನಲ್ಲಿ 2.4 ಅನ್ನು ಆಫ್ ಮಾಡಿಬಿಟ್ಟಿದ್ದಾರೆಯೇ ಅದನ್ನೂ ನೋಡಿ.

ಮುಂದಕ್ಕೆ, ಕಾಯಂ ವಿಳಾಸವನ್ನು ಡಬ್ಬಿಯಲ್ಲಿ ಬರೆಯುವ ಬದಲು ರೂಟರಿನಲ್ಲಿ ಅದರ ಹೆಸರಿಗೆ ಕಾದಿರಿಸಿ. ಸಾಧ್ಯವಿದ್ದರೆ ಡಬ್ಬಿಗೆ ವೈಫೈ ಬೇಡ, ಲ್ಯಾನ್ ಕೇಬಲ್ ಎಳೆಯಿರಿ.

ಜಿಗ್ಬೀ ಸೆನ್ಸರುಗಳೆಲ್ಲ ಒಟ್ಟಿಗೆ ‘ಲಭ್ಯವಿಲ್ಲ’ ಎನ್ನುತ್ತಿವೆ.

ಜಿಗ್ಬೀ ಎಂದರೆ ಸಣ್ಣ ಸಾಧನಗಳು ಮಾತಾಡುವ ನಿಸ್ತಂತು ಭಾಷೆ; ಡಬ್ಬಿಗೆ ಅದನ್ನು ಕೇಳಿಸುವುದು ಒಂದು ಯುಎಸ್‌ಬಿ ಕಡ್ಡಿ. ಎಲ್ಲವೂ ಒಟ್ಟಿಗೆ ಹೋದರೆ ಯುಎಸ್‌ಬಿ ಕಡ್ಡಿಯನ್ನು ಅನುಮಾನಿಸಿ. ಡಬ್ಬಿ ಮತ್ತೆ ಎದ್ದಾಗ ಅದರ ಪೋರ್ಟಿನ ಕ್ರಮಸಂಖ್ಯೆ ಬದಲಾಗಿರಬಹುದು. ಸೆಟ್ಟಿಂಗಿನಲ್ಲಿ ಸಂಖ್ಯೆಯ ಬದಲು ಕಡ್ಡಿಯ ಸ್ವಂತ ಗುರುತಿನ ಉದ್ದನೆಯ ದಾರಿಯನ್ನು ಕೊಟ್ಟರೆ ಈ ಕಾಟ ಮತ್ತೆ ಬರುವುದಿಲ್ಲ. ಕಡ್ಡಿಯನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ನೇರವಾಗಿ ಚುಚ್ಚಿದ್ದೀರಾ? ಆ ಕಿಂಡಿ 2.4 ಗಿಗಾಹರ್ಟ್ಸಿನ ಸುತ್ತ ಗದ್ದಲ ಎಬ್ಬಿಸುತ್ತದೆ, ಜಿಗ್ಬೀ ಮಾತಾಡುವುದೂ ಅಲ್ಲಿಯೇ. ಕಪ್ಪು ಕಿಂಡಿಗೆ ಬದಲಿಸಿ, ಅರ್ಧ ಅಥವಾ ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲಿನಿಂದ ದೂರ ಇಡಿ.

ಒಂದೆರಡು ಮಾತ್ರ ಹೋದರೆ ಮನೆಯವರನ್ನು ಕೇಳಿ. ಜಿಗ್ಬೀಯಲ್ಲಿ ಕರೆಂಟಿನಿಂದ ಓಡುವ ಬಲ್ಬುಗಳು ಪಕ್ಕದ ಸೆನ್ಸರಿನ ಮಾತನ್ನು ದಾಟಿಸುವ ಕೆಲಸವನ್ನೂ ಮಾಡುತ್ತವೆ. ಮಲಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ಒಳ್ಳೆಯ ಅಭ್ಯಾಸವುಳ್ಳ ಅಜ್ಜ ಒಬ್ಬರು ಮನೆಯಲ್ಲಿದ್ದರೆ ಹಿತ್ತಲಿನ ಸೆನ್ಸರ್ ರಾತ್ರಿಯಿಡೀ ಮೂಕವಾಗುತ್ತದೆ. ಅಜ್ಜನದು ತಪ್ಪಲ್ಲ. ಬಲ್ಬಿನ ಬದಲು ಸ್ವಿಚ್ಚಿನ ಹಿಂದೆ ಕೂರುವ ಮಾಡ್ಯೂಲ್ ಹಾಕಿಸಿ.

ಅಮೆರಿಕದಲ್ಲಿರುವ ಮಗಳು ತಂದುಕೊಟ್ಟ ಝಡ್-ವೇವ್ ಕಿಟ್ ಇಲ್ಲಿ ಸರಿಯಾಗಿ ಕೂಡುತ್ತಿಲ್ಲ.

ಝಡ್-ವೇವ್ ಕೂಡ ಜಿಗ್ಬೀಯಂಥ ನಿಸ್ತಂತು ಭಾಷೆ, ಆದರೆ ಅದು ದೇಶಕ್ಕೊಂದು ಕಂಪನಾಂಕದಲ್ಲಿ ಮಾತಾಡುತ್ತದೆ. ಅಮೆರಿಕದ್ದು 908.4 ಮೆಗಾಹರ್ಟ್ಸ್, ಯುರೋಪಿನದು 868.4, ಭಾರತದ್ದು 865.2. ಅಲ್ಲಿಯ ಸೆನ್ಸರ್ ಇಲ್ಲಿಯ ಕಂಟ್ರೋಲರಿಗೆ ಕೇಳಿಸುವುದೇ ಇಲ್ಲ. ಅಲ್ಲಿಯ ಪ್ಲಗ್ 120 ವೋಲ್ಟಿಗೆ ಮಾಡಿದ್ದರಂತೂ ನಮ್ಮ 230ಕ್ಕೆ ಚುಚ್ಚುವ ಯೋಚನೆಯನ್ನೇ ಮಾಡಬೇಡಿ. ಜಿಗ್ಬೀಗೆ ಈ ಗಡಿಗಳಿಲ್ಲ, ಮುಂದಿನ ಸಲ ಬ್ಯಾಟರಿಯ ಜಿಗ್ಬೀ ಸೆನ್ಸರ್ ತರಲು ಹೇಳಿ.

ಅಪ್‌ಡೇಟ್ ಒತ್ತಿದೆ, ಅಥವಾ ಒಂದು ಸಾಲು ತಿದ್ದಿದೆ. ಆಮೇಲೆ ಏಳುತ್ತಿಲ್ಲ.

ತಿದ್ದಿದ್ದು ಯಾಮಲ್ ಕಡತವಾದರೆ (ಸೆಟ್ಟಿಂಗುಗಳನ್ನು ಬರೆದಿಡುವ ಪಠ್ಯ ಕಡತ) ಖಾಲಿ ಜಾಗಗಳನ್ನು ಎಣಿಸಿ. ಅಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ, ಟ್ಯಾಬ್ ಒತ್ತಿದರೆ ಅದು ಒಪ್ಪುವುದಿಲ್ಲ. ಸ್ನೇಹಿತರು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ್ದನ್ನು ಅಂಟಿಸಿದ್ದರೆ ನೇರ ಉದ್ಧರಣ ಚಿಹ್ನೆಗಳು ಬಾಗಿರುವ ಸಾಧ್ಯತೆಯಿದೆ. ನೋಡಿದರೆ ಕಾಣದ ತಪ್ಪು, ಅಳಿಸಿ ಕೈಯಿಂದ ಟೈಪ್ ಮಾಡಿ. ಡಬ್ಬಿಗೆ ಪರದೆ, ಕೀಬೋರ್ಡ್ ಜೋಡಿಸಿ ‘ಎಚ್‌ಎ ಕೋರ್ ಚೆಕ್’ ಎಂಬ ಆದೇಶ ಕೊಟ್ಟರೆ ಯಾವ ಸಾಲೆಂದು ಅದೇ ಹೇಳುತ್ತದೆ. ಅಪ್‌ಡೇಟಿನಿಂದ ಆದದ್ದಾದರೆ ಮುಂಚಿನ ಬ್ಯಾಕಪ್ಪಿಗೆ ಮರಳಿ. ತಿಂಗಳ ಮೊದಲ ವಾರ ಬರುವ ಹೊಸ ಆವೃತ್ತಿಯನ್ನು ನಾನು ಮೂರನೆಯ ವಾರದವರೆಗೆ ಮುಟ್ಟುವುದಿಲ್ಲ, ಅಷ್ಟರಲ್ಲಿ ಉಳಿದವರು ಮುಗ್ಗರಿಸಿ ತಿದ್ದಿಸಿರುತ್ತಾರೆ.

ಡಬ್ಬಿ ಓಡುತ್ತಿದೆ, ಆದರೆ ಸಂಜೆಯ ದೀಪ ಮಧ್ಯಾಹ್ನ ಹತ್ತುತ್ತದೆ!

ಪೈ 4 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಪ್ರತಿ ಸಲ ಎದ್ದಾಗ ಇಂಟರ್‌ನೆಟ್ಟನ್ನು ಕೇಳಿ ಸಮಯ ತಿಳಿದುಕೊಳ್ಳುತ್ತದೆ. ಕರೆಂಟ್ ಬಂದೊಡನೆ ಪೈ ಎದ್ದು, ರೂಟರ್ ತಡವಾಗಿ ಎದ್ದರೆ ಅದು ಹಳೆಯ ಸಮಯದಲ್ಲಿಯೇ ದಿನ ಆರಂಭಿಸುತ್ತದೆ. ಇಂಟರ್‌ನೆಟ್ ಸರಿಯಾದ ಮೇಲೆ ಒಮ್ಮೆ ಮರುಚಾಲನೆ ಮಾಡಿ. ಪೈ 5ರಲ್ಲಿ ಗಡಿಯಾರವಿದೆ, ಅದರ ಪುಟ್ಟ ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು.

ಆ್ಯಪಿನಲ್ಲಿ ಮೋಟರ್ ಆಫ್ ಎಂದಿದೆ, ನೀರು ಮಾತ್ರ ಟ್ಯಾಂಕಿನಿಂದ ಸುರಿಯುತ್ತಲೇ ಇದೆ.

ಓಡಿಹೋಗಿ ಎಂಸಿಬಿ ಇಳಿಸಿ. ನಿಮ್ಮ ರಿಲೇಯ (ಡಬ್ಬಿಯ ಮಾತಿನಂತೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ಸಂಪರ್ಕಗಳು ಬೆಸೆದುಕೊಂಡಿವೆ. 1 ಎಚ್‌ಪಿ ಎಂದರೆ 746 ವಾಟ್, ಓಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಹಾಗಾಗಿ 10 ಆಂಪಿಯರಿನ ರಿಲೇ ಸಾಕು ಎಂದು ಹಾಕಿರುತ್ತಾರೆ. ಆದರೆ ಮೋಟರ್ ಎದ್ದೇಳುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ, ಸಂಪರ್ಕದ ನಡುವೆ ಕಿಡಿ ಹಾರುತ್ತದೆ, ದಿನಕ್ಕೆರಡು ಸಲ ಹೀಗಾದರೆ ಒಂದು ದಿನ ಲೋಹ ಕರಗಿ ಅಂಟಿಕೊಳ್ಳುತ್ತದೆ. ನಾನು ಬಿಚ್ಚಿ ನೋಡಿದ ಒಂದು ರಿಲೇಯಲ್ಲಿ ಎರಡು ಬೆಳ್ಳಿಯ ಬೊಟ್ಟುಗಳು ಸೇರಿ ಸಾಸಿವೆಯಷ್ಟು ಕಪ್ಪು ಗುಂಡಾಗಿದ್ದವು. ಉಗುರಿನಿಂದ ಮೀಟಿದರೂ ಬಿಡಲಿಲ್ಲ.

ಸಣ್ಣ ರಿಲೇ ಒಂದು ಕಾಂಟ್ಯಾಕ್ಟರನ್ನು (ಭಾರೀ ಕರೆಂಟಿಗೆ ಮಾಡಿದ ದೊಡ್ಡ ರಿಲೇ) ಮಾತ್ರ ಎಳೆಯಲಿ, ಮೋಟರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಓವರ್‌ಹೆಡ್ ಟ್ಯಾಂಕಿನಲ್ಲಿ ಡಬ್ಬಿಗೆ ಸಂಬಂಧವೇ ಇಲ್ಲದ ಒಂದು ಫ್ಲೋಟ್ ಸ್ವಿಚ್ ಕಾಂಟ್ಯಾಕ್ಟರಿನ ಸಾಲಿನಲ್ಲಿಯೇ ಇರಲಿ. ‘ಇಪ್ಪತ್ತೈದು ನಿಮಿಷವಾದರೆ ನಿಲ್ಲು’ ಎಂಬ ಮಿತಿಯನ್ನು ಡಬ್ಬಿಯ ಆಟೊಮೇಷನ್ನಿನಲ್ಲಿ ಬರೆದರೆ ಸಾಲದು. ಡಬ್ಬಿ ಸತ್ತರೂ ಕೆಲಸ ಮಾಡುವಂತೆ ರಿಲೇ ಮಾಡ್ಯೂಲಿನೊಳಗೇ ಬರೆಯಿರಿ. ಮಾಡ್ಯೂಲಿಗೆ ಹಾಕುವ ತಂತ್ರಾಂಶಗಳಾದ ಟಾಸ್ಮೋಟಾ, ಇಎಸ್‌ಪಿಹೋಮ್ ಎರಡರಲ್ಲಿಯೂ ಅದಕ್ಕೆ ದಾರಿಯಿದೆ.

ಸಿಡಿಲಿಗೆ ಏನಾದರೂ ಉಪಾಯವಿದೆಯೇ?

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರಿನಿಂದ ಒಳಬಂದದ್ದು ತಾಮ್ರದ ಲ್ಯಾನ್ ಕೇಬಲ್ ಹಿಡಿದು ಡಬ್ಬಿಗೆ ಹೋಗುತ್ತದೆ. ಎರಡನ್ನೂ ಕೀಳಿ. ಮೀಟರ್ ಬೋರ್ಡಿನಲ್ಲಿ ಸರ್ಜ್ ರಕ್ಷಕ ಹಾಕಿಸಬಹುದು, ಮನೆಯ ಅರ್ಥಿಂಗ್ ಚೆನ್ನಾಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಡಬ್ಬಿ ಚೆನ್ನಾಗಿದೆ, ಕಂಪನಿಯ ಸರ್ವರ್ ನಿಂತಿದೆ ಎನ್ನುತ್ತಾರೆ. ಹಾಗೂ ಆಗುವುದುಂಟೇ?

ಆಗಿದೆ. ಅಮೆರಿಕದಲ್ಲಿ ರಿವಾಲ್ವ್ ಎಂಬ ಇಂಥದೇ ಡಬ್ಬಿಯನ್ನು ನೆಸ್ಟ್ ಕಂಪನಿ 2014ರಲ್ಲಿ ಕೊಂಡು 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನೇ ನಿಲ್ಲಿಸಿತು; ಕೊಂಡವರ ಮನೆಯಲ್ಲಿ ಒಳ್ಳೆಯ ಯಂತ್ರ ಪೇಪರ್‌ವೇಟ್ ಆಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಮನೆ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಆರಿದವು. ಕೆಲವು ವಾರಗಳ ಮೇಲೆ ಬಳಕೆದಾರರಲ್ಲೇ ಕೆಲವರು ಕಂಪನಿಯನ್ನು ಕೊಂಡು ಮತ್ತೆ ನಡೆಸಿದರು. ಪರೀಕ್ಷೆ ಸುಲಭ. ರೂಟರಿನಿಂದ ಇಂಟರ್‌ನೆಟ್ ಬರುವ ತಂತಿಯನ್ನು ಮಾತ್ರ ಹತ್ತು ನಿಮಿಷ ಕಿತ್ತು, ದೀಪ ಹಚ್ಚಿ ನೋಡಿ. ಹತ್ತದ ದೀಪಗಳ ಯಜಮಾನರು ನೀವಲ್ಲ.

ರೀಸೆಟ್ ಗುಂಡಿ ಒತ್ತಿಬಿಡಲೇ?

ಬೇಡ.

ಎಲೆಕ್ಟ್ರಿಷಿಯನ್ ಅನ್ನು ಯಾವಾಗ ಕರೆಯಬೇಕು?

5 ವೋಲ್ಟಿನ ಕಡೆ ನಿಮ್ಮದು, 230ರ ಕಡೆ ಅವರದು. ಸ್ವಿಚ್ ಬೋರ್ಡ್ ಬಿಚ್ಚಲೇಬೇಕಾದರೆ ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಅದಕ್ಕೂ ಮೊದಲು ಆ ಟೆಸ್ಟರನ್ನು ಕರೆಂಟ್ ಇರುವ ಬೇರೆ ಸಾಕೆಟ್ಟಿನಲ್ಲಿ ಇಟ್ಟು ಅದರ ದೀಪ ಹತ್ತುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೋರ್ಡಿನಲ್ಲಿ ಕರಕಲು ವಾಸನೆ, ಕಂದು ಕಲೆ, ಚಿರ್ ಎನ್ನುವ ಸದ್ದು ಇದ್ದರೆ ನೀವು ಮುಟ್ಟಬೇಡಿ.

ನಾನು ಊರಿನಲ್ಲಿ ಇರುವುದಿಲ್ಲ. ಡಬ್ಬಿ ಕೆಟ್ಟರೆ ಮನೆಯಲ್ಲಿ ವಯಸ್ಸಾದವರು ಏನು ಮಾಡಬೇಕು?

ಗೋಡೆಯ ಸ್ವಿಚ್ ಒತ್ತಿದರೆ ದೀಪ ಹತ್ತಬೇಕು, ಡಬ್ಬಿ ಬದುಕಿರಲಿ ಸತ್ತಿರಲಿ. ಹಾಗೆ ಇಲ್ಲದಿದ್ದರೆ ಅದನ್ನು ಮೊದಲು ಸರಿಪಡಿಸಿ. ಆಮೇಲೆ ಒಂದು ಚೀಟಿ ಬರೆದು ಅಂಟಿಸಿ. ನಮ್ಮ ಮನೆಯಲ್ಲಿ ಅದು ಮೀಟರ್ ಬೋರ್ಡಿನ ಬಾಗಿಲ ಒಳಮೈಯಲ್ಲಿದೆ, ಅಮ್ಮನದೇ ಕೈಬರಹ: ‘ಮೋಟರ್ ಸ್ವಿಚ್ ಆರಿಸು. ಗೀಸರ್ ಆರಿಸು. ಡಬ್ಬಿಯ ಬಿಳಿ ಪ್ಲಗ್ ಕಿತ್ತು, ನೂರು ಎಣಿಸಿ ಹಾಕು. ಕಾಫಿ ಕುಡಿ. ಆಗಲೂ ಹಸಿರು ದೀಪ ಮಿನುಗದಿದ್ದರೆ ಅವನಿಗೆ ಫೋನ್ ಮಾಡು.’ ಕಾಫಿಯ ಸಾಲನ್ನು ಅವರೇ ಸೇರಿಸಿದ್ದು. ಡಬ್ಬಿ ಏಳುವುದಕ್ಕೆ ಸರಿಯಾಗಿ ಅಷ್ಟೇ ಹೊತ್ತು ಬೇಕು.